ದೋಸ್ತಗ ಕೊಟ್ರ ಕಳುವೇನ್ರೀ?

ಶಹಾಪುರದ ಬಸ್ ನಿಲ್ದಾಣದ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಹತ್ತು–ಹದಿನೈದು ವರ್ಷದ ಹಿಂದೆ ರಿಚಾರ್ಜಿಗಿಂತ ಜೋರಾಗಿ ನಡೆಯುತ್ತಿದ್ದದ್ದು ಮೆಮೊರಿ ಕಾರ್ಡ್ ತುಂಬಿಸುವ ಕೆಲಸ. ಸಗರ, ಗೋಗಿ, ದೋರನಹಳ್ಳಿ ಕಡೆಯಿಂದ ಊರಿಗೆ ಬಂದ ಹುಡುಗರು ಫೋನಿನ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎಬ್ಬಿಸಿ, ಉಗುರಿನಷ್ಟಿದ್ದ ಕಾರ್ಡನ್ನು ಅಂಗಡಿಯವನ ಕೈಗೆ ಕೊಡುತ್ತಿದ್ದರು. “ಅಣ್ಣಾ, ಹೊಸಾವು ಗೇಮ್ ಇದ್ರ ಹಾಕ್ರಿ” ಎಂದರೆ ಮುಗಿಯಿತು. ಹತ್ತಿಪ್ಪತ್ತು ರೂಪಾಯಿಗೆ ಹಾಡು, ಸಿನಿಮಾ, ಗೇಮು ಎಲ್ಲ ಒಟ್ಟಿಗೆ ಕಾರ್ಡಿಗೆ ಇಳಿಯುತ್ತಿದ್ದವು. ಮರುದಿನ ಕಾಲೇಜಿನಲ್ಲಿ ಅದೇ ಗೇಮು ಬ್ಲೂಟೂತ್ ಹಿಡಿದು ಒಂದು ಫೋನಿನಿಂದ ಹತ್ತು ಫೋನಿಗೆ ಹೋಗುತ್ತಿತ್ತು. ಆಮೇಲೆ ಶೇರ್‌ಇಟ್, ಝೆಂಡರ್ ಆ್ಯಪ್‌ಗಳು ಬಂದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಕಾರ್ಡ್ ತುಂಬಿಸುವ ಅಂಗಡಿಗಳ ವ್ಯಾಪಾರ ಬಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಶೇರ್‌ಇಟ್, ಝೆಂಡರ್ ಎರಡೂ ಇದ್ದವು. ಗೇಮು ಹಂಚಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ, ದಾರಿ ಬದಲಾಯಿತು ಅಷ್ಟೆ.

ಈಗ ಡಿಗ್ರಿ, ಡಿಪ್ಲೊಮಾ ಓದುವ ಹುಡುಗರ ಕೈಯಲ್ಲಿ ಲ್ಯಾಪ್‌ಟಾಪ್ ಇದೆ. ಕೆಲವರ ಮನೆಯಲ್ಲಿ ಪ್ಲೇಸ್ಟೇಷನ್ನೂ ಇದೆ. ರೊಕ್ಕ ಕೂಡಿಸಿ ನಿಜವಾಗಿಯೂ ಗೇಮು ಕೊಳ್ಳುವವರು ಹುಟ್ಟಿಕೊಂಡಿದ್ದಾರೆ, ಇದು ಹೊಸ ಸಂಗತಿ. ಅವರು ಕೇಳುವ ಪ್ರಶ್ನೆಯೂ ಹೊಸದು: “ನಾ ರೊಕ್ಕ ಕೊಟ್ಟು ತಗೊಂಡೀನಿ. ದೋಸ್ತಗ ಕೊಟ್ರ ಅದು ಕಳು ಹ್ಯಾಂಗ ಆಗ್ತದ್ರಿ?”

ಈ ಪ್ರಶ್ನೆಯನ್ನು ಹುಡುಗಾಟಿಕೆ ಎಂದು ತಳ್ಳಿಹಾಕಬಾರದು. ಕಾನೂನು ಓದಿದವರೂ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾರರು. ಕಾರ್ಡ್ ತುಂಬಿಸಿ ದುಡ್ಡೆಣಿಸುತ್ತಿದ್ದ ಅಂಗಡಿಯವನನ್ನೂ ಬ್ಲೂಟೂತ್ ಒತ್ತಿದ ಗೆಳೆಯನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬುದು ನನ್ನ ನಂಬಿಕೆ. ಆ ಅನ್ಯಾಯ ಇಂದಿನ ಡಿಜಿಟಲ್ ಅಂಗಡಿಗಳ ಒಪ್ಪಂದಗಳಲ್ಲಿ ಕಾನೂನಿಗಿಂತ ಹೆಚ್ಚಾಗಿ ಸೇರಿಕೊಂಡಿದೆ.

ಮೊದಲು ಸುಲಭದ್ದನ್ನು ನೋಡೋಣ. ಗೇಮು ಡಿಸ್ಕಿನಲ್ಲಿದ್ದರೆ, ಅದನ್ನು ಗೆಳೆಯನ ಕೈಗೆ ಕೊಟ್ಟರೆ, ಯಾವ ತಕರಾರೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ನು ಕಂಪ್ಯೂಟರ್ ಪ್ರೋಗ್ರಾಮಿನ ಒಡೆಯನಿಗೆ ನಕಲು ಮಾಡುವ, ಮಾರುವ, ವ್ಯಾಪಾರಕ್ಕಾಗಿ ಬಾಡಿಗೆಗೆ ಬಿಡುವ ಹಕ್ಕು ಕೊಟ್ಟಿದೆ. ದಿನಕ್ಕಿಷ್ಟು ಎಂದು ಡಿಸ್ಕ್ ಬಾಡಿಗೆಗೆ ಬಿಡುವ ಅಂಗಡಿಯವನು ಅದರ ಸುಳಿಗೆ ಸಿಗುತ್ತಾನೆ. ದುಡ್ಡು ಮುಟ್ಟದೆ ಎರಡು ವಾರ ಆಡಲು ಕೊಟ್ಟ ಗೆಳೆಯ ಸಿಗುವುದಿಲ್ಲ. ಅವನಲ್ಲಿದ್ದ ಒಂದು ಪ್ರತಿ ಇವನಲ್ಲಿಗೆ ಬಂತು. ಇವನು ಆಡುವಾಗ ಅವನು ಆಡಲಾರ. ಲೆಕ್ಕ ಸರಿ.

ಇಷ್ಟು ಸರಳ ಹಕ್ಕೂ ಒಮ್ಮೆ ಕೈತಪ್ಪುವುದರಲ್ಲಿತ್ತು. 2013ರಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ಒಂದು ನಿಯಮ ಪ್ರಕಟಿಸಿತು: ಡಿಸ್ಕನ್ನು ಗೆಳೆಯನಿಗೆ ಕೊಡಬಹುದು, ಆದರೆ ಅವನು ಕನಿಷ್ಠ 30 ದಿನದಿಂದ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿರಬೇಕು, ಮತ್ತು ಒಂದು ಗೇಮನ್ನು ಒಮ್ಮೆ ಮಾತ್ರ ಕೊಡಬಹುದು. ಗೆಳೆತನಕ್ಕೆ ಕಂಪನಿಯೊಂದು ಅವಧಿ ಗೊತ್ತುಮಾಡಿದ್ದನ್ನು ಕಂಡು ಆಟಗಾರರು ಸಿಡಿದೆದ್ದರು. ಅದೇ ಜೂನಿನಲ್ಲಿ ಸೋನಿ ಕಂಪನಿ ಒಂದು ವಿಡಿಯೊ ಬಿಟ್ಟಿತು. ಪ್ಲೇಸ್ಟೇಷನ್ನಿನ ಆಗಿನ ಹಿರಿಯ ಅಧಿಕಾರಿ ಶುಹೇಯಿ ಯೊಶಿದಾ ಪಕ್ಕದಲ್ಲಿ ನಿಂತ ಸಹೋದ್ಯೋಗಿ ಆ್ಯಡಮ್ ಬಾಯ್ಸ್ ಕೈಗೆ ಡಿಸ್ಕಿನ ಡಬ್ಬಿ ಕೊಡುತ್ತಾರೆ, ಅವರು ಥ್ಯಾಂಕ್ಸ್ ಹೇಳುತ್ತಾರೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಅರ್ಧ ನಿಮಿಷವೂ ಇಲ್ಲದ ಆ ದೃಶ್ಯ ಜಗತ್ತನ್ನೇ ಸುತ್ತಿತು. ಜೂನ್ 19ರಂದು ಮೈಕ್ರೊಸಾಫ್ಟ್ ನಿಯಮ ಹಿಂಪಡೆಯಿತು.

ಗೆದ್ದೆವು ಎಂದುಕೊಂಡವರಿಗೆ ಕೈಯಲ್ಲಿ ಉಳಿದದ್ದು ಡಿಸ್ಕಿನ ಗೆಲುವು ಮಾತ್ರ. ಅಷ್ಟರಲ್ಲಿ ಡಿಸ್ಕೇ ಮಾಯವಾಗತೊಡಗಿತ್ತು. ಕಂಪ್ಯೂಟರ್ ಗೇಮುಗಳೆಲ್ಲ ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಗೆ ಹೋದವು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಯಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಕೈಯಿಂದ ಕೈಗೆ ಕೊಡುವ ವಸ್ತುವೇ ಇಲ್ಲದ ಮೇಲೆ ಗೆಳೆಯನಿಗೆ ಗೇಮು ಕೊಡಲು ಎರಡೇ ದಾರಿ. ಪೆನ್‌ಡ್ರೈವಿಗೆ ನಕಲು ಹೊಡೆದು ಕೊಡಬೇಕು, ಇಲ್ಲವೆ ನಮ್ಮ ಐಡಿ, ಪಾಸ್‌ವರ್ಡ್ ಕೊಡಬೇಕು.

ನಕಲಿನ ವಿಷಯದಲ್ಲಿ ಕಾನೂನು ಕಟುವಾಗಿದೆ, ಅದನ್ನು ಹುಡುಗರಿಗೆ ಮುಚ್ಚಿಡಬಾರದು. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಖಾಸಗಿ ಬಳಕೆಗಾಗಿ ಕೃತಿಗಳನ್ನು ನ್ಯಾಯವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ, ಆದರೆ ಕಂಪ್ಯೂಟರ್ ಪ್ರೋಗ್ರಾಮನ್ನು ಆ ರಿಯಾಯಿತಿಯಿಂದ ಹೊರಗಿಟ್ಟಿದೆ. ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ಹಾಳಾದೀತೆಂದು ಬ್ಯಾಕಪ್ ಇಟ್ಟುಕೊಳ್ಳಬಹುದು. ಆ ಪ್ರತಿ ನಿಮಗೇ ಹೊರತು ಗೆಳೆಯನಿಗಲ್ಲ. ಬೀಗ ಮುರಿದ, ಹುಡುಗರ ಬಾಯಲ್ಲಿ ‘ಕ್ರ್ಯಾಕ್’ ಆದ ಗೇಮಾದರೆ 2012ರಲ್ಲಿ ಸೇರಿಸಿದ 65ಎ ಸೆಕ್ಷನ್ನೂ ಬಂದು ಕೂರುತ್ತದೆ. ಕೃತಿಸ್ವಾಮ್ಯ ಉಲ್ಲಂಘನೆಗೆ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ಆದರೆ ಅದೇ ಕಾಯ್ದೆಯ 63ಬಿ ಸೆಕ್ಷನ್ನನ್ನು ನಿಧಾನವಾಗಿ ಓದಬೇಕು. ಪ್ರೋಗ್ರಾಮಿನ ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸಿದವನಿಗೆ ಶಿಕ್ಷೆ ಹೇಳಿದ ಮೇಲೆ ಅದು ಒಂದು ಮಾತು ಸೇರಿಸುತ್ತದೆ: ಲಾಭಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಬಳಸಿಲ್ಲವಾದರೆ ನ್ಯಾಯಾಲಯ ಸೆರೆವಾಸ ವಿಧಿಸದೆ, 50 ಸಾವಿರ ರೂಪಾಯಿ ಮೀರದ ದಂಡದಲ್ಲಿ ಬಿಡಬಹುದು. ಕಾನೂನು ಬರೆದವರಿಗೂ ಅಂಗಡಿಯವನು ಬೇರೆ, ಆಡುವ ಹುಡುಗ ಬೇರೆ ಎಂಬುದು ಗೊತ್ತಿತ್ತು.

ನಮ್ಮ ರಾಜ್ಯದ್ದೇ ಇನ್ನೊಂದು ಕಾನೂನಿದೆ. ಎಲ್ಲರೂ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕರ್ನಾಟಕದ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗ ಸೇರಿಸಲಾಯಿತು. ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರಿನ ಕೃತಿಸ್ವಾಮ್ಯ ಮುರಿದವರು ಅದರಲ್ಲಿ ಬರುತ್ತಾರೆ. ವಿಚಾರಣೆ ನಡೆದು ತಪ್ಪು ಸಾಬೀತಾಗುವ ಮುನ್ನವೇ ಮುಂಜಾಗ್ರತೆಯ ಹೆಸರಿನಲ್ಲಿ ಒಳಗೆ ಹಾಕಬಹುದಾದ ಕಾಯ್ದೆ ಅದು. ಹಾಡು ಕಳಿಸಿದವನೂ ಗೂಂಡಾ ಆಗಿಬಿಡುತ್ತಾನೆಯೇ ಎಂದು ಆಗ ಸಾಕಷ್ಟು ಚರ್ಚೆಯಾಯಿತು. ಅಲ್ಲಿ ‘ವಾಣಿಜ್ಯ ಉದ್ದೇಶಕ್ಕಾಗಿ’ ಎಂಬ ಮಾತು ಇಲ್ಲದಿದ್ದರೆ ಆ ಭಯ ನಿಜವಾಗುತ್ತಿತ್ತು. ಇದ್ದರೂ ನನಗೆ ಸಮಾಧಾನವಿಲ್ಲ. ಸಾರಾಯಿ ದಂಧೆಯವರು, ಆ್ಯಸಿಡ್ ಎರಚುವವರ ಸಾಲಿನಲ್ಲಿ ಸಿಡಿ ಮಾರುವವನನ್ನು ನಿಲ್ಲಿಸುವ ಕಾಯ್ದೆ ಒಬ್ಬ ಅತ್ಯುತ್ಸಾಹಿ ಅಧಿಕಾರಿಯ ಕೈಗೆ ಸಿಕ್ಕರೆ, ಗೆಳೆಯನ ಹತ್ತಿರ ಗೇಮಿಗಾಗಿ ಐವತ್ತು ರೂಪಾಯಿ ಪಡೆದ ಹುಡುಗನ ಗತಿ ಏನು?

ಇನ್ನು ಪಾಸ್‌ವರ್ಡಿನ ದಾರಿ. ಇಲ್ಲಿ ನಕಲು ಹುಟ್ಟುವುದೇ ಇಲ್ಲ. ನನ್ನ ಖಾತೆ, ನನ್ನ ಗೇಮು, ನಾನು ಮಲಗಿದಾಗ ಗೆಳೆಯ ಆಡುತ್ತಾನೆ. ಇದು ಅಂಗಡಿಯ ಜೊತೆಗಿನ ಒಪ್ಪಂದ ಮುರಿದಂತೆ. ಖಾತೆ ಮುಚ್ಚಿಸಿಕೊಳ್ಳುವ ಅಪಾಯ ಇದೆ. ಇದನ್ನು ಕಳ್ಳತನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಪ್ಪಂದ ಹೇಗಿದೆ ಎಂದು ನೋಡಿದರೆ ಇನ್ನೂ ಒಪ್ಪುವುದಿಲ್ಲ. ‘ಕೊಳ್ಳಿ’ ಎಂಬ ಬಟನ್ ಒತ್ತಿಸಿಕೊಳ್ಳುವ ಅಂಗಡಿ, ಒಳಗಿನ ಸಣ್ಣ ಅಕ್ಷರದಲ್ಲಿ ‘ನೀವು ಕೊಂಡದ್ದು ಗೇಮಲ್ಲ, ಆಡುವ ಪರವಾನಗಿ’ ಎನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಸ್ಟೀಮ್ ಅದಕ್ಕೂ ಮೊದಲೇ ದುಡ್ಡು ಕಟ್ಟುವ ಪುಟದಲ್ಲಿ ಆ ಮಾತು ತೋರಿಸತೊಡಗಿತು. ಬರಿಯ ಪರವಾನಗಿ ಕೊಂಡದ್ದರ ಬಿಸಿ ಏನೆಂದು ‘ದಿ ಕ್ರೂ’ ಗೇಮು ಕೊಂಡವರನ್ನು ಕೇಳಬೇಕು. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡಿದ್ದ ಗೇಮು ಅಂದು ಕೊಂಡವರ ಮನೆಯಲ್ಲೇ ತೆರೆಯದಾಯಿತು.

ನಮ್ಮ ದೇಶದ ನ್ಯಾಯಾಲಯಗಳು ಈ ಸಾಫ್ಟ್‌ವೇರ್ ಎಂಬುದನ್ನು ಏನೆಂದು ಕಂಡಿವೆ? ಅಚ್ಚರಿಯೆಂದರೆ, ಉತ್ತರ ಸಿಗುವುದು ತೆರಿಗೆಯ ವ್ಯಾಜ್ಯಗಳಲ್ಲಿ. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಿದ್ಧಪಡಿಸಿ ಮಾರುವ ಸಾಫ್ಟ್‌ವೇರು ‘ಸರಕು’, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದಿತು. ಎರಡನೆಯದು ನಮ್ಮ ಹೈಕೋರ್ಟಿನಿಂದ ಹೋದದ್ದು. ವಿದೇಶಿ ಸಾಫ್ಟ್‌ವೇರಿಗೆ ಕೊಟ್ಟ ಹಣ ಕೃತಿಸ್ವಾಮ್ಯದ ರಾಯಧನ ಎಂದು ಕರ್ನಾಟಕ ಹೈಕೋರ್ಟು 2011ರಲ್ಲಿ ಸ್ಯಾಮ್ಸಂಗ್ ಪ್ರಕರಣದಲ್ಲಿ ಹೇಳಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕೃತಿಸ್ವಾಮ್ಯ ಬೇರೆ, ಕೃತಿಯ ಒಂದು ಪ್ರತಿ ಬೇರೆ. ಬಳಕೆದಾರ ಕೊಂಡದ್ದು ಪ್ರತಿಯನ್ನು ಎಂದಿತು. ತೆರಿಗೆ ಹಾಕುವಾಗ ಸರಕು, ಕೊಂಡವನು ಗೆಳೆಯನಿಗೆ ಕೊಡಹೋದಾಗ ಮಾತ್ರ ಪರವಾನಗಿ ಎನ್ನುವುದು ಯಾವ ಲೆಕ್ಕ? ಈ ಪ್ರಶ್ನೆಯನ್ನು ಯಾರಾದರೂ ನೇರವಾಗಿ ನ್ಯಾಯಾಲಯದ ಮುಂದಿಡಬೇಕು. ಫ್ರಾನ್ಸಿನಲ್ಲಿ ಒಂದು ಗ್ರಾಹಕ ಸಂಘ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ವಿರುದ್ಧ ಅದನ್ನು ಇಟ್ಟಿತು. 2019ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಕೊಂಡ ಗೇಮನ್ನು ಮರುಮಾರಾಟ ಮಾಡುವ ಹಕ್ಕಿದೆ ಎಂದಿತು. ಮೇಲ್ಮನವಿಯಲ್ಲಿ ಸಂಘ ಸೋತಿತು, 2024ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಸೋಲನ್ನೇ ಖಾಯಂ ಮಾಡಿತು. ಸೋತರೂ ಕೇಳಿದ್ದು ದೊಡ್ಡದು.

ಬೆಲೆಯ ಮಾತಾಡದೆ ಈ ಚರ್ಚೆ ಪೂರ್ಣವಾಗದು. ಪ್ಲೇಸ್ಟೇಷನ್ನಿನ ಹೊಸ ದೊಡ್ಡ ಗೇಮೊಂದಕ್ಕೆ ಭಾರತದಲ್ಲಿ ಸಾಮಾನ್ಯವಾಗಿ 4,999 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಕೂಲಿಯವರ ಮನೆಯೊಂದು ಹದಿಮೂರು ದಿನ ಮಣ್ಣು ಹೊತ್ತರೂ ಒಂದು ಗೇಮಿನ ಬೆಲೆ ಕೂಡುವುದಿಲ್ಲ. ನಾಲ್ವರು ಗೆಳೆಯರು ತಲಾ ಹನ್ನೆರಡು ನೂರೈವತ್ತು ಹಾಕಿ ಒಂದು ಗೇಮು ಕೊಂಡು ಸರದಿಯಲ್ಲಿ ಆಡುವುದು ಇಲ್ಲಿ ಕೊಳ್ಳುವ ಸಹಜ ರೀತಿ. ಆ ನಾಲ್ವರನ್ನು ಕಳ್ಳರು ಎಂದರೆ ಕಂಪನಿಗೆ ಬರುವುದು ಇನ್ನೂ ಮೂರು ಗೇಮಿನ ದುಡ್ಡಲ್ಲ. ಬರುತ್ತಿದ್ದ ಒಂದರ ದುಡ್ಡೂ ಹೋಗಿ ನಾಲ್ವರೂ ಕ್ರ್ಯಾಕ್ ಹುಡುಕಿಕೊಂಡು ಹೋಗುತ್ತಾರೆ. ಆ ದಾರಿಯಲ್ಲಿ ವೈರಸ್ಸು, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮು ಕಾದಿರುತ್ತವೆ. ಲ್ಯಾಪ್‌ಟಾಪಿನಲ್ಲೇ ಅಪ್ಪನ ಬ್ಯಾಂಕ್ ಖಾತೆಯೂ ತೆರೆದಿರುತ್ತದೆ ಎಂಬುದನ್ನು ಹುಡುಗರು ಮರೆಯುತ್ತಾರೆ.

ಈ ಇಕ್ಕಟ್ಟಿಗೆ ದಾರಿ ನಮ್ಮದೇ ದೇಶದ ಇನ್ನೊಂದು ಕಾನೂನಿನಲ್ಲಿದೆ. ಶಹಾಪುರ, ಸುರಪುರದ ಹೊಲಗಳಲ್ಲಿ ತೊಗರಿ, ಹತ್ತಿ, ಭತ್ತ ಬೆಳೆಯುವವರಿಗೆ ಬಿತ್ತನೆ ಬೀಜ ಹಂಚಿಕೊಳ್ಳುವುದು ಹೊಸದಲ್ಲ. ಬೀಜವೂ ಗೇಮಿನ ಹಾಗೆಯೇ: ಒಂದು ಕೊಟ್ಟರೆ ನೂರಾಗುತ್ತದೆ, ಕೊಟ್ಟವನಿಗೆ ಕಡಿಮೆಯಾಗುವುದಿಲ್ಲ, ಹೊಸ ತಳಿ ಕಂಡುಹಿಡಿದವನಿಗೆ ಮಾತ್ರ ನಷ್ಟದ ಭಯ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈ ಗಂಟನ್ನು ಜಾಣತನದಿಂದ ಬಿಡಿಸಿದೆ. ಅದರ 39ನೇ ಸೆಕ್ಷನ್ನಿನ ಪ್ರಕಾರ ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಿಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡಿನ ಹೆಸರಲ್ಲಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೊ ಕಂಪನಿ ಮೊಕದ್ದಮೆ ಹೂಡಿದಾಗ ರೈತರ ಪರ ನಿಂತವರು ಮುಂದಿಟ್ಟದ್ದು ಇದೇ ಸೆಕ್ಷನ್ನು. ಕಂಪನಿ ಮೊಕದ್ದಮೆ ವಾಪಸು ಪಡೆಯಿತು. ನೆರೆಹೊರೆಯವರ ಹಂಚಿಕೆ ಬೇರೆ, ಕಂಪನಿಯ ಹೆಸರು ಹಚ್ಚಿ ಅಂಗಡಿ ತೆರೆಯುವುದು ಬೇರೆ ಎಂದು ಬೀಜದ ವಿಷಯದಲ್ಲಿ ಸಂಸತ್ತು ಒಪ್ಪಿದೆ. ಗೇಮಿನ ವಿಷಯದಲ್ಲೂ ಅಂಥ ಒಂದು ಗೆರೆ ಎಳೆಯಲು ಸಾಧ್ಯ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿಗೆ ಒಂದು ಸಾಲು ಸಾಕು: ಕೊಂಡ ಪ್ರತಿಯನ್ನು ತಾನು ಬಳಸದಿರುವಾಗ, ಲಾಭವಿಲ್ಲದೆ, ಇನ್ನೊಬ್ಬರಿಗೆ ಎರವಲು ಕೊಡಬಹುದು, ಯಾವ ಒಪ್ಪಂದವೂ ಇದನ್ನು ತಡೆಯುವಂತಿಲ್ಲ.

ಇಷ್ಟೆಲ್ಲ ಗೆಳೆಯನ ಪರವಾಗಿ ಹೇಳಿದ ಮೇಲೆ ಗೇಮು ಕಟ್ಟಿದವನ ಪರವಾಗಿಯೂ ಗಟ್ಟಿಯಾಗಿ ಹೇಳಬೇಕು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ನಕಲು ಮಾಡಿ ಹಂಚುವುದು ಪುಣ್ಯವಾಗಿದ್ದ ನಾಡಿದು, ಗೇಮಿಗೇಕೆ ಬೇರೆ ನ್ಯಾಯ ಎಂದು ವಾದಿಸುವವರಿದ್ದಾರೆ. ಕೇಳಲು ಚೆಂದ, ಆದರೆ ಆ ಕಾಲದ ಕವಿಯ ಹೊಟ್ಟೆ ತುಂಬುತ್ತಿದ್ದದ್ದು ರಾಜರಿಂದ, ದಾನಿಗಳಿಂದ. ಒಂದೊಂದು ಓಲೆಗರಿ ಪ್ರತಿಗೂ ಲಿಪಿಕಾರನ ಶ್ರಮ ಇತ್ತು, ಆ ಶ್ರಮಕ್ಕೆ ಆಕೆ ದುಡ್ಡು ಕೊಟ್ಟಳು. ಇಂದು ಇಂಥ ಗೇಮು ಬರೆಯುವವನಿಗೆ ಅನ್ನ ಹುಟ್ಟುವುದು ಮುಖ್ಯವಾಗಿ ಮಾರಾಟವಾದ ಪ್ರತಿಯಿಂದ.

ಆ ಬರೆಯುವವನು ದೂರದ ಅಮೆರಿಕದವನೇ ಆಗಿರಬೇಕಿಲ್ಲ. ಭಾರತದ ಮೊದಮೊದಲ ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ ಹುಟ್ಟಿದ್ದು 1997ರಲ್ಲಿ, ಬೆಂಗಳೂರಿನಲ್ಲಿ, ರಾಜೇಶ್ ರಾವ್ ಅವರಿಂದ. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್, ಅಂದರೆ ನಮ್ಮ ಹುಡುಗರು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗಿದ ‘ಜಿಟಿಎ ವೈಸ್ ಸಿಟಿ’ಯ ಕಂಪನಿ. ಇಂದು ಬೆಂಗಳೂರಿನ ಕಚೇರಿಗಳಲ್ಲಿ ನೂರಾರು ಜನ ಗೇಮು ಕಟ್ಟುವ ಕೆಲಸದಲ್ಲಿದ್ದಾರೆ. ನಮ್ಮ ಕಡೆಯ ಹುಡುಗರೂ ಆ ಕುರ್ಚಿಗಳಲ್ಲಿ ಕೂರಬೇಕು, ಕೂತಮೇಲೆ ಅವರ ದುಡಿಮೆಗೆ ಬೆಲೆ ಸಿಗಬೇಕು. ನಾಲ್ಕೈದು ಜನ ಸೇರಿ ವರ್ಷಗಟ್ಟಲೆ ಕಟ್ಟಿ, ಮುನ್ನೂರು–ನಾನೂರು ರೂಪಾಯಿಗೆ ಬಿಡುವ ಸಣ್ಣ ಗೇಮುಗಳೂ ಇವೆ. ಹಬ್ಬದ ರಿಯಾಯಿತಿಯಲ್ಲಿ ಅವು ಒಂದು ಪ್ಲೇಟ್ ಬಿರಿಯಾನಿಯ ಬೆಲೆಗೆ ಬರುತ್ತವೆ. ಅಂಥದ್ದನ್ನು ಕ್ರ್ಯಾಕ್ ಹೊಡೆದು ಆಡುವುದನ್ನು ನಾನು ಯಾವ ಬಡತನದ ನೆಪದಲ್ಲೂ ಒಪ್ಪಲಾರೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದು ಹಂಚಿಕೆಯ ವೇಷ ಹಾಕಿಕೊಂಡೇ ಬರುತ್ತದೆ. ಇನ್‌ಸ್ಟಾಗ್ರಾಮ್, ಟೆಲಿಗ್ರಾಮುಗಳಲ್ಲಿ ನೂರು–ಇನ್ನೂರು ರೂಪಾಯಿಗೆ ‘ಆಫ್‌ಲೈನ್ ಆಕ್ಟಿವೇಶನ್’ ಮಾರುವವರಿದ್ದಾರೆ. ಒಬ್ಬ ಒಂದು ಖಾತೆಯಲ್ಲಿ ಒಂದು ಗೇಮು ಕೊಂಡು, ಅದರ ಪಾಸ್‌ವರ್ಡನ್ನು ಮುಖಪರಿಚಯವೂ ಇಲ್ಲದ ನೂರಾರು ಜನರಿಗೆ ಮಾರುತ್ತಾನೆ. ಇಂಟರ್ನೆಟ್ ಬಂದ್ ಮಾಡಿ ಆಡಬೇಕು ಎನ್ನುತ್ತಾನೆ. ಕೊಂಡ ಹುಡುಗ ತಾನು ರೊಕ್ಕ ಕೊಟ್ಟಿದ್ದೇನೆ, ಇದು ಅಸಲಿಯೇ ಎಂದು ನಂಬಿರುತ್ತಾನೆ. ಆ ರೊಕ್ಕದಲ್ಲಿ ಗೇಮು ಕಟ್ಟಿದವನಿಗೆ ಮೊದಲ ಪ್ರತಿಯದ್ದು ಬಿಟ್ಟರೆ ಒಂದು ಪೈಸೆಯೂ ಹೋಗುವುದಿಲ್ಲ. ಪೈರಸಿ ಎಂಬ ಮಾತನ್ನು ನಾನು ಮೀಸಲಿಡುವುದು ಇಂಥವರಿಗೆ. ಪೊಲೀಸರಿಗೆ ಪುರುಸೊತ್ತು ಇದ್ದರೆ ಇವರನ್ನು ಹುಡುಕಲಿ.

ಕಂಪನಿಗಳಿಗೆ ಮನಸ್ಸಿದ್ದರೆ ಏನು ಮಾಡಬಹುದು ಎಂಬುದಕ್ಕೂ ಉದಾಹರಣೆಗಳಿವೆ. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಗೇಮಿನ ಮೊದಲ ಭಾಗವನ್ನು ಐಡಿ ಸಾಫ್ಟ್‌ವೇರ್ ಕಂಪನಿ ಉಚಿತವಾಗಿ ಬಿಟ್ಟು, ಗೆಳೆಯರಿಗೆಲ್ಲ ನಕಲು ಮಾಡಿ ಕೊಡಿ ಎಂದಿತು. ಮುಂದಿನ ಭಾಗ ಬೇಕಾದವರು ದುಡ್ಡು ಕಳಿಸಿದರು, ಕಂಪನಿ ಶ್ರೀಮಂತವಾಯಿತು. ಸ್ವೀಡನ್ನಿನ ಹೇಝ್‌ಲೈಟ್ ಸ್ಟುಡಿಯೊ ಇಬ್ಬರು ಕೂಡಿಯೇ ಆಡಬೇಕಾದ ‘ಇಟ್ ಟೇಕ್ಸ್ ಟೂ’ವನ್ನು 2021ರಲ್ಲಿ ತಂದಾಗ, ಒಬ್ಬ ಕೊಂಡರೆ ಇನ್ನೊಬ್ಬ ಬಿಟ್ಟಿಯಾಗಿ ಜೊತೆಗೂಡಬಹುದು ಎಂದಿತು. ನಿಂಟೆಂಡೊ 2025ರಲ್ಲಿ ಡಿಜಿಟಲ್ ಗೇಮಿಗೂ ಕೈಗೆ ಕೊಡುವ ಗೇಮ್ ಕಾರ್ಡಿನಂಥ ವ್ಯವಸ್ಥೆ ಮಾಡಿ, ಕುಟುಂಬದ ಗುಂಪಿನೊಳಗೆ 14 ದಿನ ಎರವಲು ಕೊಡಲು ಬಿಟ್ಟಿದೆ. ಎರವಲು ಕೊಡುವುದು ತಾಂತ್ರಿಕವಾಗಿ ಆಗದ ಮಾತು ಎಂದು ಇನ್ನು ಯಾರೂ ಹೇಳುವಂತಿಲ್ಲ.

ಸ್ಟೀಮ್ ಮಾತ್ರ ಒಂದು ಹೆಜ್ಜೆ ಹಿಂದೆ ಹೋದದ್ದು ನನಗೆ ನೋವಿನ ಸಂಗತಿ. 2013ರಲ್ಲಿ ಅದು ಹಂಚಿಕೆಯ ಸೌಲಭ್ಯ ಘೋಷಿಸಿದಾಗ ಕುಟುಂಬದವರ ಜೊತೆ ಆಪ್ತ ಗೆಳೆಯರೂ ಅದರಲ್ಲಿದ್ದರು. 2024ರಲ್ಲಿ ಬಂದ ಹೊಸ ವ್ಯವಸ್ಥೆ ಹಲವು ರೀತಿಯಲ್ಲಿ ಉದಾರವಾಗಿದೆ. ಆರು ಜನ ಒಬ್ಬೊಬ್ಬರು ಒಂದೊಂದು ಗೇಮನ್ನು ಏಕಕಾಲಕ್ಕೆ ಆಡಬಹುದು. ಆದರೆ ಗೆಳೆಯರ ಮಾತು ಹೋಗಿ, ಒಂದೇ ಮನೆಯಲ್ಲಿರುವ ಹತ್ತಿರದ ಬಂಧುಗಳಿಗೆ ಎಂದಾಯಿತು. ಒಂದು ಗುಂಪಿಗೆ ಸೇರಿದ ಮೇಲೆ ಅದನ್ನು ಬಿಟ್ಟರೂ, ಸೇರಿದ ದಿನದಿಂದ ಒಂದು ವರ್ಷ ಕಳೆಯುವವರೆಗೆ ಇನ್ನೊಂದಕ್ಕೆ ಸೇರುವಂತಿಲ್ಲ. ಗುಂಪಿನಲ್ಲಿ ಒಬ್ಬ ನಿಮ್ಮ ಗೇಮಿನಲ್ಲಿ ಮೋಸದಾಟ ಆಡಿ ಸಿಕ್ಕಿಬಿದ್ದರೆ ಆ ಗೇಮಿನಿಂದ ನಿಮಗೂ ನಿಷೇಧ.

ಒಂದೇ ಮನೆ ಎಂಬ ಈ ನಿಯಮ ನಮ್ಮ ಜಿಲ್ಲೆಗೆ ಹೊಂದುವುದೇ ಇಲ್ಲ. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಯಿಂದಲೇ ಜನ ದುಡಿಮೆ ಹುಡುಕಿ ಬೆಂಗಳೂರು, ಪುಣೆ, ಮುಂಬೈಗೆ ಹೋಗುತ್ತಾರೆ. ಅಣ್ಣ ಬೆಂಗಳೂರಿನಲ್ಲಿ, ಅವ್ವ–ಅಪ್ಪ ಊರಲ್ಲಿ, ತಮ್ಮ ಶಹಾಪುರದ ಹಾಸ್ಟೆಲ್ಲಿನಲ್ಲಿ. ಅಣ್ಣ ಮೊದಲ ಸಂಬಳದಲ್ಲಿ ಕೊಂಡ ಗೇಮನ್ನು ರಾತ್ರಿ ಪಾಳಿಗೆ ಹೋದಾಗ ತಮ್ಮ ಆಡುತ್ತಾನೆ. ಅಂಗಡಿಯ ನಿಯಮದ ಲೆಕ್ಕದಲ್ಲಿ ಅವರಿಬ್ಬರ ಮನೆ ಬೇರೆ. ಸರ್ಕಾರದ ಲೆಕ್ಕದಲ್ಲಿ ಇಬ್ಬರ ಹೆಸರೂ ಒಂದೇ ರೇಷನ್ ಕಾರ್ಡಿನಲ್ಲಿದೆ, ಅದೇ ಕಾರ್ಡಿನ ಮೇಲೆ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಾಲಿನ ಅಕ್ಕಿ ಪಡೆಯುವ ವ್ಯವಸ್ಥೆಯೂ ಇದೆ. ಯಾರು ಯಾರ ಮನೆಯವರು ಎಂದು ತೀರ್ಮಾನಿಸುವಾಗ ಗೇಮಿನ ಅಂಗಡಿಗಳೂ ಆ ಕಾರ್ಡಿನ ಲೆಕ್ಕವನ್ನೇ ಹಿಡಿಯಲಿ.